ಲೋಟದ ನೆರಳು ಎಲ್ಲಿ ಹೋಯ್ತು?

ಏಪ್ರಿಲ್ 24. ಬೇಸಿಗೆ ರಜೆ. ಬೆಳಗ್ಗೆ ಏಳಕ್ಕೇ ಮಕ್ಕಳು "ಬೋರು" ಅಂತ ರಾಗ ಎಳೆಯತೊಡಗಿದ್ದರು. ಮಗಳಿಗೆ ಐದು ವರ್ಷ, ಮಗನಿಗೆ ಮೂರು. ಇವತ್ತು ಬೆಂಗಳೂರಲ್ಲಿ ನೆರಳಿಲ್ಲದ ದಿನ ಅಲ್ವಾ ಅಂತ ನೆನಪಾಯಿತು. ಸೂರ್ಯ ನಮ್ಮ ನೆತ್ತಿಯ ಮೇಲೆ ಸರಿಯಾಗಿ ಬರುವುದು ವರ್ಷಕ್ಕೆ ಎರಡೇ ಸಲ, ಈಗೊಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ಆಗಸ್ಟಿನ ಮೋಡವನ್ನು ನಂಬುವ ಹಾಗಿಲ್ಲ.

ಮೊದಲು ಟಾರ್ಚು, ಮೋಸಂಬಿ ಹಿಡಿದು ಭೂಮಿ, ಸೂರ್ಯ ಅಂತ ಪಾಠ ಶುರು ಮಾಡಿದೆ. ಭೂಮಿಯನ್ನು ಸುಲಿದು ತಿಂದರು. ಪಾಠ ಅಲ್ಲಿಗೇ ನಿಂತಿತು.

ಎಂಟು ಗಂಟೆಗೆ ತಾರಸಿಯಲ್ಲಿ ಒಂದು ಸ್ಟೀಲ್ ಲೋಟ ಬೋರಲು ಹಾಕಿದೆವು. ನೆಟ್ಟಗಿಟ್ಟರೆ ಅಗಲ ಬಾಯಿಯ ನೆರಳು ಬುಡದ ಸುತ್ತ ಬಿದ್ದು ಆಟ ಕೆಡುತ್ತದೆ. ಆಗ ನೆರಳು ಲೋಟದ ಎರಡರಷ್ಟಿತ್ತು. ಮಗಳು ಅದರ ತುದಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಒಂಬತ್ತಕ್ಕೆ ಹೋಗಿ ನೋಡಿದರೆ ನೆರಳು ಗೆರೆ ಬಿಟ್ಟು ಒಳಗೆ ಸರಿದಿತ್ತು. ಮಗನಿಗೆ ಸಿಟ್ಟು ಬಂತು. ಓಡಿಹೋಗದಿರಲಿ ಅಂತ ನೆರಳಿನ ಮೇಲೆ ಒಂದು ಕಲ್ಲಿಟ್ಟ. ಹತ್ತಕ್ಕೆ ನೋಡಿದರೆ ಅದು ಕಲ್ಲಿನಡಿಯಿಂದಲೂ ತಪ್ಪಿಸಿಕೊಂಡಿತ್ತು!

ಹನ್ನೆರಡು ದಾಟಿದ ಮೇಲೆ ತಾರಸಿ ಕಾದ ಕಾವಲಿ. ಚಪ್ಪಲಿ ಹಾಕಿಸಿ ಕರೆದುಕೊಂಡು ಹೋದೆ. "ಮಕ್ಕಳನ್ನ ಬಿಸಿಲಲ್ಲಿ ಬೇಯಿಸ್ತೀಯೇನೇ?" ಅಂತ ಅಮ್ಮ ಕೆಳಗಿಂದ ಕೂಗುತ್ತಲೇ ಇದ್ದರು. 12.17ಕ್ಕೆ ಲೋಟದ ಸುತ್ತ ನೆರಳೇ ಇಲ್ಲ. ಸುಮ್ನೆ ಯಾರೋ ಚಿತ್ರ ಅಂಟಿಸಿದ ಹಾಗೆ ಕಾಣುತ್ತಿತ್ತು. ನನಗೇ ಒಂದು ಕ್ಷಣ ವಿಚಿತ್ರ ಅನಿಸಿತು.

"ನೋಡಿ, ನೆರಳು ಮಾಯ!" ಅಂದೆ, ದೊಡ್ಡದಾಗಿ.

ಮಗಳು ತನ್ನ ಕಾಲು ನೋಡಿಕೊಂಡಳು. ಆಮೇಲೆ ಏನನ್ನಿಸಿತೋ, ಬಗ್ಗಿ ನೋಡುತ್ತಲೇ ಒಮ್ಮೆ ಹಾರಿದಳು. ಇನ್ನೊಮ್ಮೆ ಹಾರಿದಳು.

"ಮಾಯ ಆಗಿಲ್ಲಮ್ಮ! ಇಲ್ಲೇ ಇದೆ. ನಾನೇ ಅದರ ಮೇಲೆ ನಿಂತ್ಕೊಂಡಿದ್ದೆ!"

ಆಮೇಲೆ ಲೋಟ ಮೇಲೆತ್ತಿದಳು. "ಹಾ, ಬಿಸಿ!" ಅಂತ ತಕ್ಷಣ ಕೈಬಿಟ್ಟಳು. ಆದರೆ ಅಷ್ಟರಲ್ಲಿ ಮೂವರೂ ನೋಡಿಯಾಗಿತ್ತು. ಲೋಟದಡಿ ನೆಲದ ಮೇಲೆ ದುಂಡನೆಯ ಕಪ್ಪು ನೆರಳು. ಮಾಯ ಅಂದಿದ್ದ ನಾನು ಸುಮ್ಮನಾದೆ.

ಊಟ ಮುಗಿಸಿ ಒಂದು ಗಂಟೆಗೆ ಮತ್ತೆ ಹೋದೆವು. ಲೋಟದ ಇನ್ನೊಂದು ಪಕ್ಕ, ಪೂರ್ವಕ್ಕೆ, ಸಣ್ಣ ನೆರಳು ಇಣುಕುತ್ತಿತ್ತು. ಮಗ ಹಳೇ ಜಾಗದಲ್ಲಿದ್ದ ಕಲ್ಲನ್ನು ಚಪ್ಪಲಿಯಲ್ಲಿ ತಳ್ಳಿಕೊಂಡು ಬಂದು ಅದರ ಮೇಲೆ ನಿಲ್ಲಿಸಿದ.