ಬಸರಿಗೆ ಹೊಸ ಕುಂಡ

ಭಾನುವಾರ ಪೂರ್ತಿ ಬಸರಿ ಮರದ ಬೋನ್ಸಾಯ್ (ಕುಂಡದಲ್ಲೇ ಕುಳ್ಳಗೆ ಬೆಳೆಸೋ ಮರ) ಜೊತೆನೇ ಕಳೀತು, ಕುಂಡದಿಂದ ಎತ್ತಿದ್ರೆ ಬೇರುಗಳೆಲ್ಲಾ ಸುತ್ತಿ ಸುತ್ತಿ ಕುಂಡದ್ದೇ ಆಕಾರಕ್ಕೆ ಬಂದಿತ್ತು, ಕಡ್ಡಿ ಹಿಡ್ಕೊಂಡು ನಿಧಾನಕ್ಕೆ ಬಿಡಿಸಿ ಮೂರನೇ ಒಂದು ಭಾಗದಷ್ಟು ಕತ್ತರಿಸಿದೆ, ಕತ್ತರಿ ಬಿದ್ದ ಕಡೆಯೆಲ್ಲಾ ಬಿಳಿ ಹಾಲು. ಹೊಸ ಮಣ್ಣಿಗೆ ಇಟ್ಟಿಗೆ ಚೂರು, ದಪ್ಪ ಮರಳು, ಸ್ವಲ್ಪ ಎರೆಗೊಬ್ಬರ, ಅಷ್ಟೇ. ನೀರು ನಿಲ್ಬಾರ್ದು. ತಂತಿ ಸುತ್ತಿ ಕೊಂಬೆ ಬಗ್ಗಿಸೋದು ಈಗ್ಲೇ ಬೇಡ, ಮೊದ್ಲು ಬೇರು ಹಿಡೀಲಿ.

ಅಮ್ಮ ಕೇಳ್ತಾರೆ, ಪಾಪ ಗಿಡಕ್ಕೆ ಯಾಕೋ ಇಷ್ಟು ಹಿಂಸೆ ಅಂತ. ನಂಗೆ ಹಾಗನ್ಸಲ್ಲ ಅಮ್ಮ. ಹಿರೋಶಿಮಾದ ಯಮಾಕಿ ಮನೆತನದ್ದೊಂದು ಪೈನ್ ಬೋನ್ಸಾಯ್ ಇದೆ, 1625ರಿಂದ ಕುಂಡದಲ್ಲೇ ಬೆಳೆದಿದ್ದು, 1945ರ ಬಾಂಬ್ ಬಿದ್ದಾಗ ಸುಮಾರು 3 ಕಿ.ಮೀ. ದೂರದಲ್ಲಿದ್ದೂ ಉಳ್ಕೊಂಡಿತು, 1976ರಲ್ಲಿ ಅಮೆರಿಕಾಗೆ ಉಡುಗೊರೆಯಾಗಿ ಹೋಗಿ ಈಗ ವಾಷಿಂಗ್ಟನ್‌ನಲ್ಲಿದೆ. ಎಷ್ಟು ತಲೆಮಾರು ತಪ್ಪದೆ ನೀರು ಹಾಕಿರ್ಬೇಕು, ಬೇರು ಸವರಿರ್ಬೇಕು ಯೋಚ್ನೆ ಮಾಡಿ. ಪ್ರೀತಿ ಇಲ್ದೆ ಆಗೋ ಕೆಲ್ಸ ಅಲ್ಲ ಇದು.

ಸವರಿದ ಕೊಂಬೆಗಳು ಬಕೆಟ್ ನೀರಲ್ಲಿವೆ, ಬೆರಳು ದಪ್ಪದ್ದು ನೆಟ್ರೆ ಚಿಗುರುತ್ತೆ, ಬೇಕಾದವ್ರು ಬೇಗ ಹೇಳಿ.