ಗಾಜಿನ ಪೆಟ್ಟಿಗೆಯೊಳಗಿನ ಬೂಟು

ಕೆನಡಾದ ಕಲಾವಿದ ಬ್ರಯಾನ್ ಜಂಗನ್ 2000ದಲ್ಲಿ ರಚಿಸಿದ ‘ಶೇಪ್‌ಶಿಫ್ಟರ್’ ಕೃತಿಯ ಛಾಯಾಚಿತ್ರವನ್ನು ಮೊದಲ ಸಲ ನೋಡಿದಾಗ, ಅದು ಯಾವುದೋ ಮ್ಯೂಸಿಯಂನಲ್ಲಿ ತೂಗುಹಾಕಿದ ತಿಮಿಂಗಿಲದ ಅಸ್ಥಿಪಂಜರವೆಂದೇ ನಾನು ತಿಳಿದಿದ್ದೆ. ಮತ್ತೊಮ್ಮೆ ದಿಟ್ಟಿಸಿದ ಮೇಲೆ ಮೂಳೆಗಳ ನಡುವೆ ಕುರ್ಚಿಯ ಬೆನ್ನೊರಗಿನ ಸೀಳುಗಳು ಕಂಡವು. ಮದುವೆ ಮನೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿರುತ್ತಾರಲ್ಲ, ಅಂಥದ್ದೇ ಬಿಳಿ ಪ್ಲಾಸ್ಟಿಕ್ ಕುರ್ಚಿಗಳನ್ನು ಕತ್ತರಿಸಿ ಜೋಡಿಸಿ, ಸುಮಾರು 6.6 ಮೀಟರ್ ಉದ್ದದ ಪ್ರಾಣಿಯನ್ನು ಅವರು ಕಟ್ಟಿದ್ದಾರೆ.

ಆದರೆ ಜಂಗನ್ ಹೆಸರಾದದ್ದು ಅದಕ್ಕೂ ಮೊದಲೇ, 1998ರಲ್ಲಿ ಆರಂಭಿಸಿದ ಮುಖವಾಡಗಳ ಸರಣಿಯಿಂದ. ನೈಕಿ ಕಂಪನಿಯ ಏರ್ ಜೋರ್ಡನ್ ಬೂಟುಗಳ ಹೊಲಿಗೆ ಬಿಚ್ಚಿ, ಅವುಗಳ ತುಂಡುಗಳಿಂದಲೇ ಕೆನಡಾದ ಪಶ್ಚಿಮ ಕರಾವಳಿಯ ಮೂಲನಿವಾಸಿಗಳ ಮುಖವಾಡಗಳನ್ನು ಹೋಲುವ ಆಕೃತಿಗಳನ್ನು ಅವರು ಮಾಡಿದರು. ಕೆಲವಕ್ಕೆ ಕೂದಲು ಇಳಿಬಿದ್ದಿದೆ. ಕೆನ್ನೆಯಾಗಿ ತಿರುಗಿದ ಚರ್ಮದ ಮೇಲೆ ಕಂಪನಿಯ ಗುರುತು ಹಾಗೆಯೇ ಉಳಿದಿದೆ. ಬೂಟಿನ ಕೆಂಪು, ಕಪ್ಪು, ಬಿಳುಪುಗಳು ಕರಾವಳಿಯ ಕಲೆಯ ಬಣ್ಣಗಳೂ ಹೌದು. ಒಟ್ಟು 23 ಮುಖವಾಡಗಳು. ಬಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್‌ನ ಅಂಗಿಯ ಸಂಖ್ಯೆಯೂ ಅದೇ.

ಇವನ್ನು ‘ಪರಂಪರೆ ಮತ್ತು ಆಧುನಿಕತೆಯ ಬೆಸುಗೆ’ ಎಂದು ಬಣ್ಣಿಸಿ ಕೈತೊಳೆದುಕೊಳ್ಳುವ ವಿಮರ್ಶೆ ನನಗೆ ಒಪ್ಪಿಗೆಯಾಗುವುದಿಲ್ಲ. ಜಂಗನ್ ಅವರ ತಾಯಿಯ ಕಡೆಯವರು ಕೆನಡಾದ ಪಶ್ಚಿಮದ ಪ್ರಾಂತ್ಯ ಬ್ರಿಟಿಷ್ ಕೊಲಂಬಿಯಾದ ಒಳನಾಡಿನ ಮೂಲನಿವಾಸಿಗಳಾದ ಡೇನ್-ಝಾ ಜನ. ಕರಾವಳಿಯ ಮುಖವಾಡ ಅವರ ಮನೆಯ ಪರಂಪರೆಯೇ ಅಲ್ಲ. ‘ಮೂಲನಿವಾಸಿ ಕಲೆ’ ಎಂದ ಕೂಡಲೇ ಅಂಗಡಿ, ವಿಮಾನ ನಿಲ್ದಾಣಗಳಲ್ಲಿ ಕಂಡ ಒಂದೇ ಬಗೆಯ ಚಿತ್ರವನ್ನು ನೆನೆಯುವ ನೋಡುಗನ ಅಭ್ಯಾಸವನ್ನು ಅವರು ಬೇಕೆಂದೇ ಕೆಣಕುತ್ತಿದ್ದಾರೆ. ನ್ಯೂಯಾರ್ಕಿನ ಮಳಿಗೆಯೊಂದರಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಬೂಟುಗಳನ್ನು ಪ್ರಾಚೀನ ವಸ್ತುಗಳಂತೆ ಇಟ್ಟಿದ್ದುದನ್ನು ಕಂಡದ್ದು ಈ ಸರಣಿಗೆ ಪ್ರೇರಣೆಯಾಯಿತು. ಆದ್ದರಿಂದ ಮುಖವಾಡಗಳನ್ನಿಟ್ಟ ಗಾಜಿನ ಪೆಟ್ಟಿಗೆಯನ್ನೂ ಕೃತಿಯ ಭಾಗವಾಗಿಯೇ ಓದಬೇಕು.

ಆ ಗಾಜಿಗೆ ಕಹಿಯಾದ ಚರಿತ್ರೆಯಿದೆ. ಕರಾವಳಿಯ ಜನ ಮುಖವಾಡ ತೊಟ್ಟು ಕುಣಿದು, ಬಂದವರಿಗೆಲ್ಲ ಉಡುಗೊರೆ ಹಂಚುತ್ತಿದ್ದ ಪಾಟ್‌ಲ್ಯಾಚ್ ಎಂಬ ಆಚರಣೆಯನ್ನು ಕೆನಡಾ ಸರ್ಕಾರ 1885ರಿಂದ 1951ರವರೆಗೆ ಕಾನೂನಿನ ಮೂಲಕ ನಿಷೇಧಿಸಿತ್ತು. 1921ರಲ್ಲಿ ನಡೆದ ದೊಡ್ಡ ಪಾಟ್‌ಲ್ಯಾಚ್ ಒಂದರ ನಂತರ, ಪಾಲ್ಗೊಂಡವರನ್ನು ಜೈಲಿಗೆ ಕಳಿಸುವ ಬೆದರಿಕೆಯೊಡ್ಡಿ ಕರಾವಳಿಯ ಮೂಲನಿವಾಸಿಗಳಾದ ಕ್ವಾಕ್ವಕವಕ್ವ ಜನರಿಂದ ಕಸಿದುಕೊಂಡ ಮುಖವಾಡಗಳು ಒಟ್ಟಾವಾ, ಟೊರಾಂಟೊಗಳ ಮ್ಯೂಸಿಯಂ ಸೇರಿದವು. ದಶಕಗಳ ಒತ್ತಾಯದ ಬಳಿಕ ಅವುಗಳಲ್ಲಿ ಹಲವು ಮರಳಿ ಬಂದಾಗ, ಅಲರ್ಟ್ ಬೇ ಎಂಬ ಊರಿನಲ್ಲಿ 1980ರಲ್ಲಿ ಉಮಿಸ್ತಾ ಸಾಂಸ್ಕೃತಿಕ ಕೇಂದ್ರವನ್ನು ತೆರೆದರು. ಅಷ್ಟು ಕಾಲ ಬೀಗದೊಳಗಿದ್ದ ಆ ಮುಖವಾಡಗಳನ್ನು ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮುಚ್ಚದೆ, ತೆರೆದೇ ಇಟ್ಟಿದ್ದಾರೆ.