ಬಾದಾಮಿ ಕಲ್ಲಿಗೆ ಯಾವ ಸಾಫ್ಟ್‌ವೇರ್?

ನಾನು ಬಾಗಲಕೋಟೆಯ ನವನಗರದಲ್ಲಿ ಸ್ಟೇಷನರಿ ಅಂಗಡಿ ಇಟ್ಟವನು. ಫೋಟೊ ನನಗೆ ರವಿವಾರದ ಹುಚ್ಚು. ಹೊಸದಾಗಿ ಕ್ಯಾಮೆರಾ ಕೊಂಡ ಹುಡುಗರು ಅಂಗಡಿಗೇ ಬಂದು ಕೇಳುತ್ತಾರೆ: "ಅಣ್ಣಾ, ಎಡಿಟಿಂಗ್‌ಗೆ ಯಾವುದು ಹಾಕ್ಕೊಳ್ಲಿ?" ಮದುವೆ ಸ್ಟುಡಿಯೋದವರ ಲೆಕ್ಕ ಬೇರೆ, ಅವರಿಗೆ ಆಲ್ಬಮ್ ಮಾಡಲು ಫೋಟೊಶಾಪ್ ಬೇಕು. ನಮ್ಮಂಥವರಿಗೆ ನಾನು ಹೇಳೋದು ಇಷ್ಟೇ: ನಿಮ್ಮ ಹತ್ತಿರ ಇರುವ ಅತಿ ಕಷ್ಟದ ಫೋಟೊ ಕೊಟ್ಟು ಸಾಫ್ಟ್‌ವೇರನ್ನು ಪರೀಕ್ಷೆ ಮಾಡಿ.

ನನ್ನದು ಬಾದಾಮಿಯ ಮೂರನೇ ಗುಹೆ, ಕ್ರಿ.ಶ. 578ರದ್ದು. ಪಡಸಾಲೆಯಲ್ಲಿ ಹಾವಿನ ಸುರುಳಿ ಮೇಲೆ ಕೂತ ವಿಷ್ಣು ಇದ್ದಾನಲ್ಲ, ಅವನ ಫೋಟೊ. ಗುಹೆಯ ಮುಖ ಉತ್ತರಕ್ಕೆ. ಕಂಬದ ಆಚೆ ಕಣ್ಣು ಕುಕ್ಕುವ ಬೆಳಕು, ಈಚೆ ಕತ್ತಲು. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಹಾಗಾಗಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ ಕೈಯಲ್ಲೇ ಹೊಡೆದೆ, ಫೋಟೊ ತುಂಬ ನಾಯ್ಸ್, ಅಂದರೆ ಕಾಳುಕಾಳು ಚುಕ್ಕೆ.

ಮೊದಲು ಜೆಪೆಗ್ ಫೈಲನ್ನು ಫೋನಿನ ಸ್ನ್ಯಾಪ್‌ಸೀಡ್‌ಗೆ ಹಾಕಿದೆ. ಉಚಿತ, ಸುಲಭ. ಆದರೆ ಬಣ್ಣ, ಬೆಳಕು-ನೆರಳು ಹೊಂದಿಸುವ ಆಂಬಿಯನ್ಸ್ ಸ್ವಲ್ಪ ಜಾಸ್ತಿ ಎಳೆದೆ ನೋಡಿ, ಮನೆಯವಳು ಇಣುಕಿ "ಇದೇನ್ರಿ, ಕಲ್ಲಿಗೆ ಕುಂಬಳಕಾಯಿ ಬಣ್ಣ ಬಂದೈತಿ" ಅಂದಳು. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು ಅಷ್ಟೇ. ರಾ ಅಂದರೆ ಸೆನ್ಸರ್ ಕಂಡದ್ದನ್ನು ಕ್ಯಾಮೆರಾ ತಿದ್ದದೆ ಹಾಗೇ ಇಟ್ಟ ಫೈಲು; 14 ಬಿಟ್ ರಾ ಫೈಲಿನಲ್ಲಿ 16,384. ಕತ್ತಲಿನಿಂದ ವಿವರ ಎತ್ತಬೇಕಾದರೆ ರಾ ಬೇಕೇ ಬೇಕು.

ಲೈಟ್‌ರೂಮ್ ಈ ಕೆಲಸ ಸಲೀಸಾಗಿ ಮಾಡುತ್ತದೆ, ಸುಳ್ಳು ಹೇಳಬಾರದು. ಆದರೆ ಬಳಸುವಷ್ಟು ಕಾಲವೂ ಬಾಡಿಗೆ ಕಟ್ಟಬೇಕು! ಒಂದೇ ಸಲ ದುಡ್ಡು ಕೊಟ್ಟು ಕೊಳ್ಳಬಹುದಾದ ಕೊನೆಯ ಆವೃತ್ತಿ 2015ರ ಲೈಟ್‌ರೂಮ್ 6. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲಿಗೆ ಕ್ಯಾಮೆರಾ ಕಪಾಟು ಬಿಟ್ಟು ಬರೋದಿಲ್ಲ. ಆಗಲೂ ಬಾಡಿಗೆ ಓಡುತ್ತಲೇ ಇರುತ್ತೆ, ಅಲ್ವಾ? ಜಿಂಪ್ ಉಚಿತ, ಆದರೆ ರಾ ಫೈಲ್ ತೆರೆಯಲು ಅದಕ್ಕೆ ಇನ್ನೊಂದು ಸಾಫ್ಟ್‌ವೇರಿನ ನೆರವು ಬೇಕು.

ನಾನು ಉಳಿದದ್ದು ಡಾರ್ಕ್‌ಟೇಬಲ್‌ನಲ್ಲಿ. ಇದೂ ಉಚಿತ. ಟೋನ್ ಈಕ್ವಲೈಜರ್‌ನಿಂದ ಕತ್ತಲ ಭಾಗವನ್ನು ಮಾತ್ರ ಎತ್ತಿದೆ, ಹೊರಗಿನ ಬೆಳಕು ಹಾಗೇ ಉಳಿಯಿತು. ನಾಯ್ಸ್ ತೆಗೆಯಲು ಆಯಾ ಕ್ಯಾಮೆರಾದ್ದೇ ಪ್ರೊಫೈಲ್ (ಯಾವ ಐಎಸ್‌ಒಗೆ ಎಷ್ಟು ನಾಯ್ಸ್ ಅನ್ನೋ ಅಳತೆ) ಅದರಲ್ಲಿದೆ. ಕಲ್ಲಿನ ಕೆಂಪು ಬಾದಾಮಿಯದ್ದೇ ಅನಿಸಿತು. ಮೂಲ ಫೈಲನ್ನು ಅದು ಮುಟ್ಟೋದಿಲ್ಲ, ಬದಲಾವಣೆಗಳನ್ನು ಪಕ್ಕದಲ್ಲೊಂದು ಸಣ್ಣ ಎಕ್ಸ್‌ಎಂಪಿ ಫೈಲಿನಲ್ಲಿ ಬರೆದಿಡುತ್ತೆ. ಫೋಲ್ಡರ್ ಬೇರೆ ಕಡೆ ಸಾಗಿಸುವಾಗ ಅದನ್ನೂ ಜೊತೆಗೆ ಒಯ್ಯಿರಿ.

ಕಲಿಯೋದು ಮಾತ್ರ ತಲೆನೋವು. ಮಾಡ್ಯೂಲ್‌ಗಳ (ಒಂದೊಂದು ತಿದ್ದುವ ಕೆಲಸಕ್ಕೆ ಒಂದೊಂದು ಸಲಕರಣೆ) ರಾಶಿ ಕಂಡು ಹೆದರಬೇಡಿ, ನಾನು ಮುಟ್ಟೋದು ಐದಾರು. ಇನ್ನು ಜೆಪೆಗ್‌ನಲ್ಲೇ ತೆಗೆಯುವವರಿಗೆ ಇದ್ಯಾವುದೂ ಬೇಡ. ಸ್ನ್ಯಾಪ್‌ಸೀಡ್ ಸಾಕು, ಆಂಬಿಯನ್ಸ್ ಮೇಲೆ ಕೈ ಹಿಡಿತದಲ್ಲಿರಲಿ.